ಆಚೆ ದಡದ ಬಿಳಿ

ನಮ್ಮ ಹೊಸಪೇಟೆಯವರ ಮುಂದೆ ಯಾವ ಚಿತ್ರವನ್ನಾದರೂ ಇಡಿ, ಮೊದಲ ಪ್ರಶ್ನೆ ಒಂದೇ: "ಇದು ಯಾವ ಜಾಗ್ರಿ?" ಹಂಪಿಯ ಸುತ್ತಮುತ್ತ ಹುಟ್ಟಿದವರಿಗೆ ಒಂದೊಂದು ಗುಂಡುಕಲ್ಲೂ ಪಕ್ಕದ ಮನೆಯವರಿದ್ದ ಹಾಗೆ. ಈ ಕಲ್ಲು ಮಾತಂಗ ಪರ್ವತದ ಬೆನ್ನಿನದು, ಆ ಕಲ್ಲು ಕಮಲಾಪುರದ ಕೆರೆ ಏರಿಯದು, ಇಲ್ಲಿ ಎರಡು ಕಲ್ಲು ಇರಬೇಕಿತ್ತು, ಒಂದನ್ನೇ ಬರೆದಿದ್ದಾರಲ್ಲ ಎಂದು ತಕರಾರು ತೆಗೆಯುತ್ತಾರೆ. ಜಾಗ ಗೊತ್ತಾಯಿತೋ, ಚಿತ್ರ ನೋಡುವ ಕೆಲಸ ಮುಗಿಯಿತು. ಗೊತ್ತಾಗಲಿಲ್ಲವೋ, ಬರೆದವನಿಗೆ ಬರೆಯಲು ಬರುವುದಿಲ್ಲ ಎಂದು ತೀರ್ಮಾನ. ಇಪ್ಪತ್ತೆರಡು ವರ್ಷದಿಂದ ಇದೇ ಊರಿನ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತಿದ್ದೇನೆ. ನನ್ನ ತಲೆಗೂದಲು ಅರ್ಧ ಬೆಳ್ಳಗಾದದ್ದು ಈ ಪ್ರಶ್ನೆಯಿಂದಲೇ ಎಂದು ನನ್ನ ನಂಬಿಕೆ.

ಆ ಶನಿವಾರ ಮಧ್ಯಾಹ್ನ ಮಾತ್ರ ಈ ಪ್ರಶ್ನೆ ಬರದಿರಲಿ ಎಂದು ದೇವರಿಗೆ ಕೈಮುಗಿದೇ ಮನೆ ಬಿಟ್ಟಿದ್ದೆ. ಕಂಪ್ಲಿಯಲ್ಲಿ ರೈಸ್‌ಮಿಲ್ ಇಟ್ಟಿರುವ ರೇವಣಸಿದ್ದಪ್ಪನವರು ಹೊಸಪೇಟೆಯ ಕಾಲುವೆ ದಂಡೆಯಲ್ಲಿ ಒಂದು ಚಿತ್ರಶಾಲೆ ಕಟ್ಟಿಸಿದ್ದರು. ಹನ್ನೆರಡು ಚಿತ್ರಕ್ಕೆ ಜಾಗ. ಹನ್ನೊಂದು ಆಯ್ಕೆಯಾಗಿ ಹೋಗಿದ್ದವು. ಉಳಿದದ್ದು ಬಾಗಿಲ ಎದುರಿನ ಗೋಡೆ. ಆ ಗೋಡೆಯ ಮೇಲೆ ನನ್ನ ಗುರು ಕೊಟ್ರಯ್ಯ ಮಾಸ್ತರರ ಜಲವರ್ಣ ಬರಬೇಕೆಂಬುದು ನನ್ನ ಹಟ.

ಮಾಸ್ತರರು ತೀರಿಕೊಂಡು ಮೂರು ವರ್ಷವಾಯಿತು. ಜೀವಮಾನವಿಡೀ ಚಿತ್ರ ಬರೆದ ಮನುಷ್ಯನ ಒಂದು ಚಿತ್ರವೂ ಯಾವ ಗೋಡೆಯ ಮೇಲೂ ಇಲ್ಲ. ಕಂಪ್ಲಿಯಲ್ಲಿರುವ ಅವರ ಹೆಂಡತಿ ಚೆನ್ನಬಸಮ್ಮನವರಿಗೆ ಎಪ್ಪತ್ತೆಂಟು. ಒಂದು ಕಣ್ಣಿನ ಪೊರೆ ತೆಗೆಸಿದ್ದಾರೆ, ಇನ್ನೊಂದು ಮಬ್ಬು. "ನನ್ನ ಕಣ್ಣು ಇರೋದ್ರೊಳಗ ಇದನ್ನ ನಾಕು ಮಂದಿ ನೋಡೋ ಗ್ವಾಡಿ ಮ್ಯಾಲ ನಾನೂ ನೋಡಬೇಕವ್ವಾ" ಎಂದು ಚಿತ್ರವನ್ನು ಹಳೆಯ ಇಳಕಲ್ ಸೀರೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಿದ್ದರು. ಇಲ್ಲಿ ಆಗಲಿಲ್ಲವೆಂದರೆ ಅದು ಮತ್ತೆ ಕಂಪ್ಲಿಗೆ, ಮಂಚದ ಕೆಳಗಿನ ಟ್ರಂಕಿಗೆ. ಇನ್ನೊಂದು ಗೋಡೆ ಹುಡುಕುವಷ್ಟು ದಿನ ಅವರ ಕಣ್ಣಿಗೆ ಉಳಿದಿಲ್ಲ.

ಚಿತ್ರ ದೊಡ್ಡದೇನಲ್ಲ. ಒಂದೂವರೆ ಅಡಿ ಅಗಲ, ಒಂದಡಿ ಎತ್ತರ. ಹೊತ್ತು ಮುಳುಗುವ ಹೊಳೆ. ಕಾಗದ ಒದ್ದೆಯಿರುವಾಗಲೇ ಬಣ್ಣ ಬಿಟ್ಟು, ಆಕಾಶದ ಕೇಸರಿ ಹೊಳೆಯ ಬೂದುಬಣ್ಣದೊಳಕ್ಕೆ ತಾನಾಗಿಯೇ ಇಳಿದುಹೋಗುವ ಹಾಗೆ ಮಾಡಿದ್ದಾರೆ. ಎಲ್ಲಿ ಬಾನು ಮುಗಿಯಿತು, ಎಲ್ಲಿ ನೀರು ಶುರುವಾಯಿತು ಎಂದು ಹೇಳಲಾಗುವುದಿಲ್ಲ. ಎಡಗಡೆ ಗುಡ್ಡದ ಮಸುಕು, ಮುರಿದ ಮಂಟಪದ ಎರಡು ಕಂಬ. ಬಲಗಡೆ, ಆಚೆ ದಡದಲ್ಲಿ, ಏನೂ ಇಲ್ಲ. ಕಾಗದಕ್ಕೆ ಬಣ್ಣವನ್ನೇ ಮುಟ್ಟಿಸದೆ ಬಿಳಿಯಾಗಿ ಬಿಟ್ಟಿದ್ದಾರೆ. ಈಚೆಯ ಮರಳಿನಲ್ಲಿ ಹೆಬ್ಬೆರಳ ಗಾತ್ರದ ಒಂದು ಕಪ್ಪು ಬಂಡೆ, ಮೇಲೆ ದುಂಡಗೆ, ಒಂದು ಕಡೆ ವಾಲಿಕೊಂಡು. ಅದರ ಬುಡದಲ್ಲಿ ಎರಡು ಕಪ್ಪು ಗೀರು. ಮೂಲೆಯಲ್ಲಿ ಸಹಿ, ೧೯೭೧.

ನಾನಿದನ್ನು ಮೊದಲು ನೋಡಿದ್ದು ಹದಿನೆಂಟು ವರ್ಷದ ಹಿಂದೆ, ಸಂಡೂರಿನ ಗಂಡನ ಮನೆ ಬಿಟ್ಟು ಬಂದ ವಾರ. ಅಪ್ಪನ ಮನೆಯಲ್ಲಿ ದಿನಕ್ಕೊಬ್ಬರು ಬಂದು "ಯಾಕ ಬಂದಿ ತ್ರಿವೇಣಿ?" ಎಂದು ಕೇಳುತ್ತಿದ್ದರು. ಸಾಕಾಗಿ ಮಾಸ್ತರರ ಮನೆಗೆ ಹೋಗಿ ಕೂತೆ. ಅವರು ಒಂದು ಮಾತೂ ಕೇಳಲಿಲ್ಲ. ಟ್ರಂಕಿನಿಂದ ಚಿತ್ರ ತೆಗೆದು ಗೋಡೆಗಾನಿಸಿ ಇಟ್ಟು, ತಾವು ಕುಂಚ ತೊಳೆಯುತ್ತಾ ಕೂತರು. ನಾನು ಅಳುತ್ತಲೇ ನೋಡಿದೆ. ನೋಡುತ್ತಾ ನೋಡುತ್ತಾ ಅಳು ನಿಂತಿತು. "ಸರ್, ಎಲ್ಲಾ ಕರಗಿ ಹೋಗೈತಿ, ಈ ಕಲ್ಲೊಂದು ಕರಗಿಲ್ಲ ನೋಡ್ರಿ. ಒಂದೇ ಐತಿ, ಆದ್ರೂ ನಿಂತೈತಿ" ಎಂದೆ. ಅವರು ತಲೆಯೆತ್ತಿ ನನ್ನನ್ನು ನೋಡಿ "ಹೂಂ" ಎಂದರು. ಅಲ್ಲಿಂದ ಮುಂದೆ ಹೋದಾಗಲೆಲ್ಲ ಚಿತ್ರ ತೆಗೆಸುತ್ತಿದ್ದೆ, ಆ ಕಲ್ಲಿನ ಬಗ್ಗೆ ಹೊಸದೊಂದು ಮಾತು ಸೇರಿಸುತ್ತಿದ್ದೆ. ಹೋಗುತ್ತಾ ಹೋಗುತ್ತಾ ಅದು ಭಾಷಣವಾಯಿತು, ಈಗ ನಾಲ್ಕು ಪುಟದ ಟೈಪ್ ಮಾಡಿದ ಲೇಖನವಾಗಿ ನನ್ನ ಚೀಲದಲ್ಲಿತ್ತು. ಮುಳುಗುವ ಸೂರ್ಯ ಆಯುಷ್ಯದ ಸಂಜೆ, ಮುರಿದ ಮಂಟಪ ಮನುಷ್ಯನ ಅಹಂಕಾರ, ಆಚೆ ದಡದ ಬಿಳಿ ಸಾವಿನ ಶೂನ್ಯ, ಬಂಡೆ ಒಂಟಿ ಜೀವ.

ಚಿತ್ರಶಾಲೆಯಲ್ಲಿ ಆ ಮಧ್ಯಾಹ್ನ ಇದ್ದದ್ದು ನಾವು ನಾಲ್ವರು. ರೇವಣಸಿದ್ದಪ್ಪನವರು, ನಾನು, ಆಯ್ಕೆ ಸಮಿತಿಯ ಮೂರನೆಯವನಾಗಿ ಪಂಪೇಶ್. ಅವನು ಉಕ್ಕಿನ ಕಾರ್ಖಾನೆಯಲ್ಲಿ ಎಂಜಿನಿಯರ್, ಕುರೆಕುಪ್ಪದಲ್ಲಿ ಮನೆ, ರಜೆಯಲ್ಲಿ ಕ್ಯಾಮೆರಾ ನೇತುಹಾಕಿಕೊಂಡು ತಿರುಗುವ ಹವ್ಯಾಸ. ನಾಲ್ಕನೆಯವರು ಅವನ ತಾಯಿ ದುರ್ಗಕ್ಕ. ಹಲ್ಲು ತೋರಿಸಲು ಪೇಟೆಗೆ ಬಂದಿದ್ದರು. ಸಭೆ ಮುಗಿದ ಮೇಲೆ ಮಗ ಅವರನ್ನು ಬುಕ್ಕಸಾಗರದ ಮನೆಗೆ ಬಿಡಬೇಕಿತ್ತು. ಗೋಡೆಯ ಕಡೆ ಕುರ್ಚಿಯಲ್ಲಿ ಕೂತು, ಕೆನ್ನೆಗೆ ಸೆರಗು ಒತ್ತಿಕೊಂಡು, ಐದು ನಿಮಿಷಕ್ಕೊಮ್ಮೆ "ಆತೇನಪಾ?" ಎನ್ನುತ್ತಿದ್ದರು.

ಚಿತ್ರವನ್ನು ಸ್ಟ್ಯಾಂಡಿನ ಮೇಲಿಟ್ಟೆ.

"ಇದು ಯಾವ ಜಾಗ್ರಿ ಮೇಡಂ?" ಎಂದರು ರೇವಣಸಿದ್ದಪ್ಪನವರು. ಕನ್ನಡಕ ಇನ್ನೂ ಜೇಬಿನಲ್ಲೇ ಇತ್ತು.

"ಜಾಗ ಯಾವ್ದಾದ್ರೇನ್ರಿ ಯಜಮಾನ್ರೆ, ಅದರ ಭಾವ ನೋಡ್ರಿ."

"ಭಾವ ಆಮ್ಯಾಲ ನೋಡಾಣ. ಈ ಮಂಟಪ ತಳವಾರಘಟ್ಟದ್ದಾ? ಮಂಟಪಕ್ಕ ನಾಕು ಕಂಬನಾರ ಇರಬೇಕಲ್ಲ, ಎರಡ ಯಾಕ ಬರದಾರ?"

ನಾನು ಹಲ್ಲು ಕಚ್ಚಿದೆ. ಪಂಪೇಶ್ ತಲೆ ಓರೆ ಮಾಡಿ ನೋಡಿ, "ಮೇಡಂ, ತಪ್ಪು ತಿಳ್ಕಬ್ಯಾಡ್ರಿ. ರೈಟ್ ಸೈಡ್ ಪೂರಾ ಬೆಳಕು ಜಾಸ್ತಿ ಬಿದ್ದು ಓವರ್ ಎಕ್ಸ್‌ಪೋಸ್ ಆದಂಗೈತಿ. ನಮ್ಮ ಫೋಟೊ ಹಿಂಗ ಬಂದ್ರ ಡಿಲೀಟ್ ಮಾಡ್ತೀವಿ" ಎಂದ.

"ಬಣ್ಣ ಸಾಲಲಿಲ್ಲೇನೋ ಪಾಪ" ಎಂದರು ರೇವಣಸಿದ್ದಪ್ಪನವರು. ಕುಹಕವಲ್ಲ, ನಿಜವಾದ ಕನಿಕರ. ಅದೇ ನನಗೆ ಹೆಚ್ಚು ಉರಿಯಿತು.

"ಸಾಲದೆ ಬಿಟ್ಟದ್ದಲ್ಲರಿ. ಜಲವರ್ಣದಾಗ ಬಿಳಿ ಬಣ್ಣ ಹಚ್ಚೋದಿಲ್ಲ, ಕಾಗದದ ಬಿಳಿನ ಕಾಯ್ಕೋಬೇಕು. ಸುತ್ತ ಅಷ್ಟು ಒದ್ದೆ ಬಣ್ಣ ಹರೀತಿರಬೇಕಾದ್ರ ಒಂದು ಹನಿ ಈ ಕಡೆ ಜಾರಿದ್ರೂ ಚಿತ್ರ ಕೆಟ್ಟು ಹೋತು. ಎಲ್ಲಕ್ಕಿಂತ ಕಷ್ಟದ್ದು ಆ ಖಾಲಿ ಜಾಗನ."

"ಖರೇ ಇರಬೌದು. ಆದ್ರ ಮುಳುಗೋ ಸೂರ್ಯನ ಬಾಗಿಲಿಗೆ ಎದುರಾ ಹಾಕ್ತಾರೇನ್ರಿ? ಹೊಸ ಕಟ್ಟಡ. ನಮ್ಮ ಮನಿಯಾಕಿಗೆ ಗೊತ್ತಾದ್ರ ನನ್ನ ಒಳಗ ಬಿಟ್ಕಣಂಗಿಲ್ಲ."

ಅವರ ಕಣ್ಣು ಪಕ್ಕದ ಗೋಡೆಗೆ ಹೋಯಿತು. ಅಲ್ಲಿ ಆರಡಿ ಅಗಲದ ಆಕ್ರಿಲಿಕ್ ಒಂದು ಒರಗಿ ನಿಂತಿತ್ತು. ಕಮಲ ಮಹಲು, ಮುಂದೆ ಗಿಳಿಹಸಿರು ಹುಲ್ಲು, ಮೇಲೆ ಸೋಪಿನ ನೊರೆಯಂಥ ಮೋಡ. ಅದು ಯಾವ ಜಾಗ ಎಂದು ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ.

ನಾನು ಲೇಖನ ತೆಗೆದೆ. ಇನ್ನೂರು ವರ್ಷದ ಹಿಂದೆ ಯೂರೋಪಿನಲ್ಲಿ ರಮ್ಯಪಂಥದ ಚಿತ್ರಕಾರರು ಹೇಗೆ ಜಾಗವನ್ನು ಬಿಟ್ಟು ಮನಸ್ಸನ್ನು ಬರೆಯತೊಡಗಿದರು, ಮಬ್ಬು, ಸಂಜೆ, ಪಾಳು ಗೋಡೆ, ದೊಡ್ಡ ಬಯಲಿನಲ್ಲಿ ಒಂದೇ ಒಂದು ಸಣ್ಣ ಆಕಾರ, ಇವೆಲ್ಲ ಅವರಿಗೆ ಹೇಗೆ ಮಾತುಗಳಾದವು, ನಮ್ಮ ಕೊಟ್ರಯ್ಯ ಮಾಸ್ತರರು ಬಳ್ಳಾರಿಯಲ್ಲಿ ಕೊಂಡ ಒಂದು ಹಳೇ ಮುದ್ರಿತ ಚಿತ್ರಗಳ ಪುಸ್ತಕದಿಂದ ಆ ಮಾತುಗಳನ್ನು ಕಲಿತು ತುಂಗಭದ್ರೆಗೆ ಹೇಗೆ ತಂದರು ಎಂದು ಓದಿದೆ. ಚೆನ್ನಾಗಿಯೇ ಓದುತ್ತಿದ್ದೆ. ಒಂಟಿ ಬಂಡೆಯ ಹತ್ತಿರ ಬರುವಷ್ಟರಲ್ಲಿ ರೇವಣಸಿದ್ದಪ್ಪನವರ ಫೋನು ಬಡಿದುಕೊಂಡಿತು.

"ಹಾಂ, ಮೆಟ್ರಿ ಊರಿಂದ ಭತ್ತದ ಲೋಡ್ ಬಂತಾ? ತ್ಯಾವ ಎಷ್ಟೈತಿ ನೋಡು ಮೊದ್ಲ. ಇಲ್ಲಿ ಚಿತ್ರ ನೋಡಾಕತ್ತೀನಿ, ಹೇಳು ಹೇಳು, ಪರವಾಗಿಲ್ಲ."

ನನ್ನ ತಾಳ್ಮೆಯ ಕಟ್ಟೆ ಒಡೆಯಿತು. "ಯಜಮಾನ್ರೆ, ಭತ್ತದ ತ್ಯಾವ ನೋಡೋ ಕಣ್ಣಾಗ ಚಿತ್ರ ನೋಡಬ್ಯಾಡ್ರಿ! ಕೋಣನ ಮುಂದ ಕಿನ್ನರಿ ಬಾರಿಸಿದಂಗ ಆತು ನನ್ನ ಕಥಿ!"

ಪಂಪೇಶ್ ನೆಲ ನೋಡಿದ. ರೇವಣಸಿದ್ದಪ್ಪನವರು ಫೋನು ಜೇಬಿಗಿಟ್ಟು ನಿಧಾನವಾಗಿ ಹೇಳಿದರು: "ಕೋಣ ಅಂದ್ರಿ. ಇರ್ಲಿ ಮೇಡಂ. ಕೋಣಕ್ಕ ತಿಳಿಯೋ ಚಿತ್ರನ ಹಾಕಾಣ ಬಿಡ್ರಿ." ಕೈ ಕಮಲ ಮಹಲಿನ ಕಡೆ ಹೋಯಿತು.

ಆಡಿದ ಮಾತು, ಒಡೆದ ಮುತ್ತು. ಈ ಚಿತ್ರಕ್ಕೊಂದು ಗೋಡೆಗಾಗಿ ಮೂರು ವರ್ಷ ಓಡಾಡಿ ಕಟ್ಟಿದ್ದನ್ನು ಒಂದೇ ಮಾತಿನಲ್ಲಿ ಕೆಡವಿದ್ದೆ. ಸಂಜೆ ಚೆನ್ನಬಸಮ್ಮನವರಿಗೆ ಏನೆಂದು ಹೇಳಲಿ? ನಿಮ್ಮ ಚಿತ್ರ ಚೆನ್ನಾಗಿದೆ, ನನ್ನ ನಾಲಿಗೆ ಚೆನ್ನಾಗಿಲ್ಲ ಎಂದೇ? ಎಂದೂ ಯಾರಿಗೂ ಬಗ್ಗದ ನಾನು ಕೈಮುಗಿದೆ.

"ತಪ್ಪಾತ್ರಿ. ನನ್ನ ಮ್ಯಾಲಿನ ಸಿಟ್ಟು ಚಿತ್ರದ ಮ್ಯಾಲ ಹಾಕಬ್ಯಾಡ್ರಿ. ಒಂದ ನಿಮಿಷ ಈ ಕಲ್ಲೊಂದನ್ನ ನೋಡ್ರಿ. ಇದ ಚಿತ್ರದ ಜೀವ. ಎಲ್ಲಾ ಕರಗಿ ಹೋದ್ರೂ ಈ ಕಲ್ಲು..."

"ಅದ್ಯಾಕ ಕಲ್ಲು ಆಕೈತಿ?"

ಹಿಂದಿನಿಂದ ಬಂದ ದನಿ ದುರ್ಗಕ್ಕನದು. ಕೆನ್ನೆಯ ಮೇಲಿನ ಸೆರಗು ತೆಗೆದಿದ್ದರು.

"ಅದು ಹರಗೋಲು. ಹರಗೋಲು ಬೋರಲ ಹೊತ್ಕಂಡು ಒಬ್ಬಾತ ಹೊಂಟಾನ. ಜಲ್ದಿ ಮುಗಿಸ್ರಿ ನಿಮ್ಮದು."

"ದೂರದಿಂದ ನೋಡಿದ್ರ ಹಂಗ ಕಾಣಬೌದಮ್ಮಾ" ಎಂದೆ, ಆದಷ್ಟು ಮೆತ್ತಗೆ.

"ದೂರದಿಂದನ ಕಾಣ್ತೈತಿ. ಹತ್ರ ಹೋಗಿ ನೀವು ಕೆಟ್ರಿ."

ಎದ್ದು ಬಂದರು. ಬೆರಳನ್ನು ಕಾಗದಕ್ಕೆ ತಾಗಿಸದೆ ತೋರಿಸಿದರು. ನಾನು ನೆರಳು ಎಂದು ಬರೆದಿದ್ದ ಎರಡು ಗೀರು ಕಾಲುಗಳಂತೆ. ಬೀಳಲಿರುವ ಮನುಷ್ಯಜೀವದ ಸಂಕೇತ ಎಂದು ಅರ್ಧ ಪುಟ ಬರೆದಿದ್ದ ಆ ವಾಲು, ದಾರಿ ಕಾಣಲೆಂದು ಮುಂದಿನ ಅಂಚನ್ನು ಎತ್ತಿ ಹಿಡಿದದ್ದಂತೆ.

"ನಮ್ಮಪ್ಪ ಹುಸೇನಪ್ಪ ಬುಕ್ಕಸಾಗರದ ಕಡವಿನಾಗ ಹರಗೋಲು ಹಾಕ್ತಿದ್ದ. ಆಗ ಸೇತುವಿ ಎಲ್ಲಿತ್ತು? ತೊಗಲಿನ ಹರಗೋಲು. ನೀರಾಗ ಬಿಟ್ರ ಕೊಳೀತೈತಿ ಅಂತ ಹೊತ್ತು ಮುಳುಗೂದ್ರೊಳಗ ಹೊತ್ಕಂಡು ಬಂದು ಮನಿ ಮುಂದ ಬೋರಲ ಹಾಕ್ತಿದ್ದ. ಎರಡ ಕಂಬದ ಮಂಟಪನೂ ನಮ್ಮ ಕಡವಿಂದ. ಉಳಿದ ಎರಡು ನಾ ಹುಟ್ಟೂಕಿಂತ ಮೊದ್ಲ ಬಿದ್ದಿದ್ವಂತ."

ಯಾವ ಜಾಗ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತು. ನಾನು ಇಪ್ಪತ್ತೆರಡು ವರ್ಷ ಹೀಯಾಳಿಸಿದ ಪ್ರಶ್ನೆಯೇ ಈ ಚಿತ್ರದ ಬೀಗದ ಕೈಯಾಗಿತ್ತು. ಒಮ್ಮೆಯಾದರೂ ಮಾಸ್ತರರನ್ನು ಕೇಳಿದ್ದರೆ ಸಾಕಿತ್ತು. ಇದು ನನಗೆ ಕಿಂಚಿತ್ತೂ ಹಿಡಿಸಲಿಲ್ಲ.

"ಸರಿ, ಹರಗೋಲನ ಆಗ್ಲಿ" ಎಂದೆ ಒರಟಾಗಿ. "ಸಂಜಿಗೆ ಮನೀಗೆ ಹೊಂಟಾನ. ಅದೂ ಆಯುಷ್ಯದ ಸಂಜಿನ. ಅರ್ಥ ಏನೂ ಬದಲಾಗಲ್ಲ."

"ಮನೀಗೆಲ್ಲಿ ಹೊಂಟಾನ? ಎತ್ತಿದ ಅಂಚು ಯಾವ ಕಡಿ ಐತಿ ನೋಡ್ರಲ್ಲ. ಹೊಳಿ ಕಡಿ. ಮನೀಗೆ ಬಂದಾತ ಮತ್ತ ವಾಪಸ್ ಹೊಂಟಾನ." ದುರ್ಗಕ್ಕನಿಗೆ ಹಲ್ಲುನೋವು ಮರೆತಂತಿತ್ತು. "ಹೊತ್ತು ಮುಳುಗಿದ ಮ್ಯಾಲ ಒಂದು ಕೂಗಿಗೆ ನಮ್ಮಪ್ಪ ಏಳ್ತಿದ್ದಿಲ್ಲ. ಎರಡಕ್ಕೂ ಏಳ್ತಿದ್ದಿಲ್ಲ. ಕಲ್ಲಿಗೆ ಬಡದು ತಿರುಗಿ ಬಂದ ಸುಳ್ಳ ಕೂಗು ಇರಬೌದು, ಗಾಳಿ ದೆವ್ವ ಇರಬೌದು. ಮೂರು ಕೂಗು ಬಂದ್ರ ಮನಿಶ್ಯಾರದ್ದ. ಆಗ ಉಣ್ಣಾಕ ಕುಂತಿದ್ರೂ ಕೈ ತೊಳಕಂಡು ಏಳತಿದ್ದ. ಇದು ಹಂಗ. ಆಚಿ ದಂಡ್ಯಾಗ ಯಾರೋ ಕೂಗ್ಯಾರ, ಈತ ಹೊಂಟಾನ."

ರೇವಣಸಿದ್ದಪ್ಪನವರು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು. ಬಗ್ಗಿದರು.

"ಹೌದಲ್ಲಲೇ ಪಂಪೇಶ. ಕಾಲು! ಹೆಜ್ಜಿ ಕಿತ್ತಾನ ನೋಡು."

"ಹೂಂ ಸರ್. ಅವಸರದಾಗ ಅದಾನ" ಎಂದ ಪಂಪೇಶ್. ಆಮೇಲೆ ತನ್ನಷ್ಟಕ್ಕೆ ಹೇಳಿಕೊಂಡ ಹಾಗೆ, "ಆ ಬಿಳಿ ಜಾಗ ಹಂಗ ಬಿಟ್ಟಿದ್ದ ಬರೋಬ್ಬರಿ ಐತಿ. ಯಾರು ಕೂಗ್ಯಾರ ಅನ್ನೋದು ಆತಗೂ ಕಾಣವಲ್ದು" ಎಂದ.

ನನ್ನ ನಾಲ್ಕು ಪುಟಗಳಲ್ಲಿ ಇಲ್ಲದ ಮಾತು ಅದು. ನಾನೂ ನೋಡಿದೆ. ಒಮ್ಮೆ ಮನುಷ್ಯ ಕಂಡ ಮೇಲೆ ಬಂಡೆ ಮತ್ತೆ ಕಾಣಲೇ ಇಲ್ಲ. ಎಷ್ಟು ಕಣ್ಣು ಕಿರಿದು ಮಾಡಿದರೂ ಬರಲಿಲ್ಲ. ಹದಿನೆಂಟು ವರ್ಷ ನನ್ನದಾಗಿದ್ದ ಕಲ್ಲು ಎದ್ದು ಎರಡು ಕಾಲಿನ ಮೇಲೆ ನಡೆದುಹೋಯಿತು.

ರೇವಣಸಿದ್ದಪ್ಪನವರು ಹತ್ತು ನಿಮಿಷ ಆ ಚಿತ್ರದ ಮುಂದಿನಿಂದ ಅಲುಗಲಿಲ್ಲ. ಚಿಕ್ಕವರಿದ್ದಾಗ ತಾಯಿಯ ತೊಡೆಯ ಮೇಲೆ ಕೂತು ಹರಿಗೋಲಿನಲ್ಲಿ ಹೊಳೆ ದಾಟಿದ್ದು, ನಡುನೀರಿನಲ್ಲಿ ಅದು ಗಿರ್ರನೆ ತಿರುಗಿದಾಗ ಅತ್ತದ್ದು ಎಲ್ಲ ಹೇಳಿದರು. ಕೊನೆಗೆ ಗೋಡೆಯ ಕಡೆ ಕೈ ತೋರಿಸಿದರು. "ಇಲ್ಲೇ ಹಾಕ್ರಿ, ಎದುರಿಗೇ. ಕೂಗಿದ್ರ ಬರೋ ಮನಿಶ್ಯಾ ಅದಾನ ಅಂದ್ರ ಅದಕ್ಕಿಂತ ಶುಭ ಏನೈತಿ? ಮನಿಯಾಕಿಗೆ ನಾ ಹೇಳ್ಕಂತೀನಿ." ನನ್ನ ಕಡೆ ತಿರುಗಿ, "ಕೋಣಕ್ಕೂ ತಿಳೀತು ನೋಡ್ರಿ ಮೇಡಂ" ಎಂದು ನಕ್ಕರು. "ಕೆಳಗ ಹಾಕಾಕ ನಾಕು ಸಾಲು ಬರದು ಕೊಡ್ರಿ. ಕಲ್ಲು ಗಿಲ್ಲು ಬ್ಯಾಡ."

ಗೆದ್ದಿದ್ದೆ. ಗೆದ್ದವಳ ಮುಖ ಹೀಗಿರುತ್ತದೆಯೇ ಎಂದು ಯಾರಾದರೂ ಕೇಳಿದ್ದರೆ ಕಚ್ಚಿಬಿಡುತ್ತಿದ್ದೆ. ಹೊರಗೆ ಬಂದು ಕಾಲುವೆಯ ಕಟ್ಟೆಯ ಹತ್ತಿರ ನಿಂತು ಕಂಪ್ಲಿಗೆ ಫೋನು ಮಾಡಿದೆ.

"ಅಮ್ಮಾ, ಆತು. ಬಾಗಿಲ ಎದುರಿನ ಗೋಡಿಗೇ ಹಾಕ್ತಾರಂತ."

"ಹೌದಾ!" ಎಂದರು ಚೆನ್ನಬಸಮ್ಮನವರು. ಆಮೇಲೆ ಸ್ವಲ್ಪ ಹೊತ್ತು ಮೂಗು ಒರೆಸಿಕೊಳ್ಳುವ ಸದ್ದು. "ನಿನ್ನ ಹೊಟ್ಟಿ ತಣ್ಣಗಿರ್ಲಿ. ಯಾವತ್ತು ಕರಕಂಡು ಹೋಗ್ತಿ?"

"ಬರೋ ಐತವಾರ. ಅಮ್ಮಾ, ಅದರಾಗ ಕಲ್ಲು ಅಂತಿದ್ದೆನಲ್ಲ, ಅದು..."

"ಹರಗೋಲು."

"ನಿಮಗ ಗೊತ್ತಿತ್ತಾ?"

"ಗೊತ್ತಿಲ್ದೆ ಏನವ್ವಾ. ಕೂಗಿದಾಕಿ ನಾನ ಅಲ್ಲೇನು."

ಕಾಲುವೆಯ ನೀರಿನ ಸದ್ದಿಗೆ ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ಫೋನನ್ನು ಕಿವಿಗೆ ಒತ್ತಿಕೊಂಡೆ. ಅವರು ಹೇಳಿದರು. ಮಾಸ್ತರರಿಗೆ ಆಗ ಬುಕ್ಕಸಾಗರದ ಶಾಲೆಯಲ್ಲಿ ಕೆಲಸ. ಮದುವೆಯ ಮೊದಲ ವರ್ಷವೇ ಜಗಳವಾಗಿ ಚೆನ್ನಬಸಮ್ಮನವರು ಹೊಳೆಯಾಚೆಯ ಕಡೇಬಾಗಿಲು ಎಂಬ ಊರಿನ ತವರಿಗೆ ಹೋಗಿ ಕೂತರು. ಇನ್ನು ಬರುವುದಿಲ್ಲ ಎಂದು ಹೇಳಿ ಕಳಿಸಿದ್ದರು. ತಿಂಗಳಾಯಿತು. ಮಾಸ್ತರರು ಕರೆಯಲು ಹೋಗಲಿಲ್ಲ, ಆದರೆ ದಿನಾ ಸಂಜೆ ಚಿತ್ರ ಬರೆಯುವ ನೆವ ಮಾಡಿಕೊಂಡು ಬಂದು ಈಚೆ ದಡದಲ್ಲಿ ಕೂರುತ್ತಿದ್ದರು.

"ಒಂದಿನ ನನಗ ತಡಕಣಾಕ ಆಗಲಿಲ್ಲ. ಒಬ್ಬಾಕೆನ ಹೊಳಿ ದಂಡಿಗೆ ಬಂದು ಬಿಟ್ಟೆ. ಕಡವು ನಿಂತು ಹೋಗಿತ್ತು. ಮಬ್ಬಿನಾಗ ಏನೂ ಕಾಣವಲ್ದು. ಮೂರು ಕೂಗು ಕೂಗಿದೆ, ಅಂಬಿಗ ಎದ್ದು ಬಂದ. ಎದುರು ದಂಡ್ಯಾಗ ಕುಂತಿದ್ದ ಅವ್ರಿಗೂ ನಾ ಕಾಣಲಿಲ್ಲ, ದನಿ ಅಷ್ಟ ಕೇಳಿದ್ದು. ಅದಕ್ಕ ಆ ಕಡಿ ಏನೂ ಬರದಿಲ್ಲ. ಮರುದಿನ ಮುಂಜಾನಿ ಕುಂತು ಒಂದ ಬೈಠಕ್ಕಿನಾಗ ಮುಗಿಸಿದ್ರು. ಅಷ್ಟು ಖುಷಿಲೆ ಬರೆದ ಚಿತ್ರ ಅವರ ಕೈಯಾಗ ಇನ್ನೊಂದು ಬರಲಿಲ್ಲ."

ಖುಷಿ. ಸಾವು, ಶೂನ್ಯ, ಒಂಟಿತನ ಎಂದು ನಾನು ಟೈಪ್ ಮಾಡಿಸಿದ್ದು ಆ ಮನುಷ್ಯನ ಜೀವಮಾನದ ಖುಷಿಯನ್ನು. ಆ ಒಂಟಿತನ ಅವರದ್ದಲ್ಲ. ಅದು ನನ್ನದು. ನಾನೇ ಹೊತ್ತು ತಂದು ಅವರ ಮರಳಿನ ಮೇಲೆ ಇಟ್ಟಿದ್ದೆ. ನಾಚಿಕೆಯೂ ಸಿಟ್ಟೂ ಒಟ್ಟಿಗೆ ಬಂದವು.

"ಮತ್ತ ಸರ್ ಯಾಕ ಹೇಳಲಿಲ್ಲ? ಹದಿನೈದು ವರ್ಷ ಅವರ ಎದುರಾ ಕುಂತು ಕಲ್ಲು, ಕಲ್ಲು ಅಂತ ಬಡಕಂಡೀನಿ. ಒಂದಿನಾನೂ ಅಲ್ಲ ಅನಲಿಲ್ಲ. ಹುಚ್ಚಿ ಹಂಗ ಮಾಡಿದ್ರಲ್ಲ ನನ್ನ!"

"ಮೊದ್ಲ ದಿನ ನೀ ಎದ್ದು ಹೋದ ಮ್ಯಾಲ ನಾನೂ ಅದನ್ನ ಕೇಳಿದೆ" ಎಂದರು ಚೆನ್ನಬಸಮ್ಮನವರು. "ಆ ಹುಡುಗಿ ಹರಗೋಲಿಗೆ ಕಲ್ಲು ಅಂತಾಳ, ನೀವು ಹೂಂ ಅಂತೀರಲ್ಲ, ಅಂತ. ಅದಕ್ಕ ಅವ್ರು ಏನಂದ್ರು ಗೊತ್ತೇನು? ಆಕಿ ಅಳು ನಿಂತಿದ್ದು ಆ ಕಲ್ಲು ಹಿಡಕಂಡು. ಈಗ ಅದಕ್ಕ ಕಾಲು ಅದಾವು ಅಂತ ನಾ ಹ್ಯಾಂಗ ಹೇಳ್ಲಿ? ಇರ್ಲಿ ಬಿಡು, ಆಕಿಗೆ ಬೇಕಾಗೋ ತನಕ ಕಲ್ಲ ಇರ್ಲಿ, ಅಂದ್ರು."

ನಾನು ಕಟ್ಟೆಯ ಮೇಲೆ ಕೂತೆ. ಸಿಟ್ಟು ಮಾಡಿಕೊಳ್ಳಬೇಕೆಂದು ನೋಡಿದೆ, ಆಗಲಿಲ್ಲ. ರಸ್ತೆಯಲ್ಲಿ ಹೋಗುವವರು ನೋಡುತ್ತಿದ್ದರೂ ಲೆಕ್ಕಿಸದೆ ಗಟ್ಟಿಯಾಗಿ ಅತ್ತೆ. ಆ ಕಡೆಯಿಂದ ಚೆನ್ನಬಸಮ್ಮನವರು ಫೋನು ಇಡಲೂ ಇಲ್ಲ, ಯಾಕೆಂದು ಕೇಳಲೂ ಇಲ್ಲ.